ಶಕನ ಬೆಳ್ಳಿ, ಶಾತವಾಹನನ ಮುದ್ರೆ

ಸೋತ ಅರಸನ ನಾಣ್ಯವನ್ನು ಕರಗಿಸದೆ, ಅವನ ಮುಖದ ಮೇಲೆಯೇ ತನ್ನ ಲಾಂಛನವನ್ನೊತ್ತಿದ ಗೌತಮೀಪುತ್ರ ಶಾತಕರ್ಣಿ. ರಣರಂಗದಲ್ಲಿ ಗೆದ್ದವನು ಅವನೇ. ಪೇಟೆಯಲ್ಲಿ ಗೆದ್ದವರಾರು?

ಅಡಿಗಲ್ಲಿನ ಮೇಲೆ ಬೆಳ್ಳಿಯದೊಂದು ಪುಟ್ಟ ಬಿಲ್ಲೆ. ಅದರ ಮೇಲೆ ಬಲಕ್ಕೆ ತಿರುಗಿದ ಅರಸನ ಮುಖ. ಮುಖದ ಸುತ್ತ ಗ್ರೀಕ್ ಲಿಪಿಯ ಅಕ್ಷರಗಳು. ಟಂಕಸಾಲೆಯ ಆಳು ಅದನ್ನು ಕುಲುಮೆಗೆ ಹಾಕಿ ಕರಗಿಸುವ ಗೋಜಿಗೆ ಹೋಗದೆ, ಹೊಸ ಒಡೆಯನ ಅಚ್ಚನ್ನು ಹಳೆಯ ಒಡೆಯನ ಕೆನ್ನೆಯ ಮೇಲೆ ನೇರವಾಗಿ ಇರಿಸಿ, ಸುತ್ತಿಗೆಯನ್ನೆತ್ತಿ ಏಟು ಹಾಕುತ್ತಾನೆ.

ಏಟು ಬಿದ್ದಲ್ಲಿ ಕಮಾನಿನ ಮೇಲೆ ಕಮಾನು ಪೇರಿಸಿದ ಚೈತ್ಯದ ಬೆಟ್ಟವೊಂದು ಮೂಡುತ್ತದೆ. ಅದರ ಅಡಿಯಲ್ಲಿ ನದಿಯಂತೆ ಬಳಕುವ ಒಂದು ಗೆರೆ. ಮಗ್ಗುಲು ಬದಲಿಸಿದರೆ, ಒಂದನ್ನೊಂದು ಕತ್ತರಿಸುವ ಎರಡು ಗೆರೆಗಳ ನಾಲ್ಕು ತುದಿಗಳಲ್ಲಿ ನಾಲ್ಕು ವೃತ್ತಗಳಿರುವ, ಪಂಡಿತರು ಉಜ್ಜಯಿನಿಯ ಚಿಹ್ನೆಯೆಂದು ಕರೆಯುವ ಲಾಂಛನ. ಆದರೆ ಅವಸರದ ಏಟಿಗೆ ಹಳೆಯ ಮುಖ ಪೂರ್ತಿಯಾಗಿ ಅಳಿಯದು. ಬೆಟ್ಟದ ಬುಡದಲ್ಲಿ ಗಲ್ಲದ ಅಂಚು, ಶಿಖರದಾಚೆ ಒಂದಿಷ್ಟು ಕೂದಲು, ತುದಿಯಲ್ಲಿ ಎರಡು ಮೂರು ಗ್ರೀಕ್ ಅಕ್ಷರಗಳು ಹಾಗೆಯೇ ಉಳಿದು, ವೈರಿಗಳಿಬ್ಬರು ಒಂದೇ ಬಿಲ್ಲೆಯಲ್ಲಿ ಶತಮಾನಗಳ ಕಾಲ ಒಕ್ಕಲಿರಬೇಕಾಗಿ ಬಂದಿದೆ.

ಸೋತವನು ಶಕರ ಕ್ಷಹರಾತ ವಂಶದ ನಹಪಾನ. ಗೆದ್ದವನು ಶಾತವಾಹನ ವಂಶದ ಗೌತಮೀಪುತ್ರ ಶಾತಕರ್ಣಿ. 1906ರಲ್ಲಿ ನಾಸಿಕ ಜಿಲ್ಲೆಯ ಜೋಗಲ್‌ಥೆಂಬಿಯಲ್ಲಿ ನಹಪಾನನ ಬೆಳ್ಳಿ ನಾಣ್ಯಗಳ ನಿಧಿಯೊಂದು ದೊರೆಯಿತು. ನಾಣ್ಯಗಳ ಸಂಖ್ಯೆ 13,000ವನ್ನು ಮೀರಿತ್ತು. ಅವುಗಳಲ್ಲಿ 9,000ಕ್ಕಿಂತ ಹೆಚ್ಚಿನವು ಗೌತಮೀಪುತ್ರನ ಮರುಮುದ್ರೆಯನ್ನು ಹೊತ್ತಿದ್ದವು. ಒಬ್ಬ ಅರಸನ ಜಯವನ್ನು ಇಷ್ಟು ಸ್ಪಷ್ಟವಾಗಿ ಸಾರುವ ಸಾಕ್ಷ್ಯ ಭಾರತದ ಪ್ರಾಚೀನ ಚರಿತ್ರೆಯಲ್ಲಿ ವಿರಳ.

ಯುಗಾದಿಯ ಬೆಳಗ್ಗೆ ಬೇವುಬೆಲ್ಲವಾದ ಮೇಲೆ, ಹೈದರಾಬಾದಿನ ತೆಲುಗು ಮನೆಗಳಲ್ಲಿಯೂ, ಕಾಚಿಗುಡಾದ ಸುತ್ತಿನ ಕನ್ನಡ ಮನೆಗಳಲ್ಲಿಯೂ ಪಂಚಾಂಗವನ್ನು ತೆರೆದು ಓದತೊಡಗಿದಾಗ ಮೊದಲು ಕಿವಿಗೆ ಬೀಳುವ ಮಾತುಗಳಲ್ಲಿ ‘ಶಾಲಿವಾಹನ ಶಕೆ’ ಎಂಬುದೂ ಒಂದು. ಶಾಲಿವಾಹನವೆಂಬುದು ಶಾತವಾಹನ ಹೆಸರಿನ ಇನ್ನೊಂದು ರೂಪ. ಶಕರೂ ಶಾತವಾಹನರೂ ಬದ್ಧವೈರಿಗಳಾಗಿದ್ದವರು. ಅವರಿಬ್ಬರ ಹೆಸರೂ ಒಂದೇ ಉಸಿರಿನಲ್ಲಿ, ಅದೂ ಮಂಗಳಕಾರ್ಯದಲ್ಲಿ, ಹೊರಡುವುದಕ್ಕೆ ಕಾರಣವೇನೆಂದು ಕೇಳಿದವರು ಕಡಮೆ. ಕೇಳಿದವರಿಗೆ ಉತ್ತರದ ಜಾಡು ಸಿಕ್ಕುವುದು ಈ ಬೆಳ್ಳಿಯಲ್ಲಿ.

ಯವನರಿಂದ ಬಂದ ಮುಖ

ನಾಣ್ಯದ ಮೇಲೆ ಅರಸನ ಮುಖವನ್ನು ತರುವುದು ನಮ್ಮ ದಖ್ಖನಿನ ಪದ್ಧತಿಯಲ್ಲ. ಇಲ್ಲಿಯ ಅತ್ಯಂತ ಹಳೆಯ ಬೆಳ್ಳಿ ನಾಣ್ಯಗಳಲ್ಲಿ ಸೂರ್ಯ, ಬೆಟ್ಟ, ಮರ, ಮೃಗ ಮೊದಲಾದ ಚಿಹ್ನೆಗಳನ್ನು ಒಂದೊಂದಾಗಿ ಒತ್ತಿರುವುದುಂಟೇ ಹೊರತು, ಇಂಥವನು ಇದನ್ನು ಹೊರಡಿಸಿದನೆಂಬ ಹೆಸರಾಗಲಿ ಮುಖವಾಗಲಿ ಇಲ್ಲ.

ಮುಖ ಬಂದದ್ದು ಅಲೆಕ್ಸಾಂಡರನ ತರುವಾಯ ಅವನ ದಂಡನಾಯಕರು ಹಂಚಿಕೊಂಡ ರಾಜ್ಯಗಳಿಂದ. ಬಾಹ್ಲೀಕದಿಂದ ಹಿಂದೂಕುಶವನ್ನು ದಾಟಿ ಬಂದ ಯವನ, ಎಂದರೆ ಗ್ರೀಕ್, ಅರಸರು ಒಂದು ಬದಿಗೆ ತಮ್ಮ ಮುಖವನ್ನೂ ಗ್ರೀಕ್ ಬರೆಹವನ್ನೂ, ಇನ್ನೊಂದು ಬದಿಗೆ ದೇವತೆಯನ್ನೂ ಖರೋಷ್ಠಿ ಲಿಪಿಯ ಪ್ರಾಕೃತವನ್ನೂ ಒತ್ತಿ, ಎರಡು ನಾಡಿನ ಕಣ್ಣಿಗೂ ಒಪ್ಪುವ ದ್ರಮ್ಮಗಳನ್ನು ಹೊರಡಿಸಿದರು. ಬೌದ್ಧರು ಮಿಲಿಂದನೆಂದು ಕರೆದ ಮಿನಾಂಡರನ ಬೆಳ್ಳಿ ಈ ಬಗೆಯದೇ.

ಆ ವಂಶಗಳ ಕೊನೆಯೂ ನಾಣ್ಯದಲ್ಲಿಯೇ ಕಾಣುತ್ತದೆ. ಕ್ರಿಸ್ತಶಕದ ಆರಂಭದ ಹೊತ್ತಿಗೆ ಪೂರ್ವ ಪಂಜಾಬಿನಲ್ಲಿ ಉಳಿದುಕೊಂಡಿದ್ದ ಕೊನೆಯ ಯವನ ಅರಸನಾದ ಎರಡನೆಯ ಸ್ಟ್ರಾಟೊವಿನ ಮುಖ ಹಲ್ಲುದುರಿದ ವೃದ್ಧನಂತೆ ಬಾಯಿ ಬಚ್ಚಿಕೊಂಡಿದೆ, ಬೆಳ್ಳಿಯೂ ಬೆರಕೆ. ಹಿಂಬದಿಯಲ್ಲಿ ಮಾತ್ರ ಅಥೀನಾ ದೇವಿ ಹಳೆಯ ಠೀವಿಯಲ್ಲಿಯೇ ವಜ್ರಾಯುಧವನ್ನೆತ್ತಿ ನಿಂತಿದ್ದಾಳೆ. ಅವನ ತರುವಾಯ ಮಥುರೆಯ ಕ್ಷತ್ರಪ ರಾಜುವುಲನು ಅದೇ ಅಚ್ಚನ್ನು ಅನುಕರಿಸಿದನು. ರಾಜ್ಯ ಮುಗಿದರೂ ನಾಣ್ಯ ಮುಗಿಯಲಿಲ್ಲ.

ಇನ್ನೂ ಸೋಜಿಗದ ಸಂಗತಿಯನ್ನು ಕ್ರಿಸ್ತಶಕ ಮೊದಲನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ಗ್ರಂಥ ತಿಳಿಸುತ್ತದೆ. ಕೆಂಪು ಸಮುದ್ರದಿಂದ ಭಾರತದ ವರೆಗಿನ ಬಂದರುಗಳ ವ್ಯಾಪಾರವನ್ನು ಬಲ್ಲ ಅನಾಮಧೇಯ ವರ್ತಕನೊಬ್ಬನು ಬರೆದ ಆ ಕೈಪಿಡಿಯ ಪ್ರಕಾರ, ಅಪೊಲೊಡೋಟಸ್ ಮತ್ತು ಮಿನಾಂಡರರ ಹಳೆಯ ದ್ರಮ್ಮಗಳು, ಅವರು ಗತಿಸಿ ಬಹುಕಾಲವಾದ ಮೇಲೂ, ಪಶ್ಚಿಮ ಕರಾವಳಿಯ ಭರುಕಚ್ಛ ಬಂದರಿನ ಅಂಗಡಿಬೀದಿಗಳಲ್ಲಿ ಚಲಾವಣೆಯಲ್ಲಿದ್ದವು. ಆ ಬಂದರಿಗೆ ದಕ್ಷಿಣದಿಂದ ಸರಕು ಬರುತ್ತಿದ್ದುದು ಪೈಠಣದಿಂದಲೂ ತಗರದಿಂದಲೂ. ಪೈಠಣ ಇಪ್ಪತ್ತು ದಿನಗಳ ಪ್ರಯಾಣ. ಅಲ್ಲಿಂದ ಪೂರ್ವಕ್ಕೆ ಹತ್ತು ದಿನಗಳ ದಾರಿ ತಗರ, ಎಂದರೆ ಇಂದಿನ ತೇರ್. ಈ ಎರಡೂ ಊರುಗಳು 1956ರ ರಾಜ್ಯ ಪುನರ್ವಿಂಗಡಣೆಯ ವರೆಗೆ ಹೈದರಾಬಾದು ರಾಜ್ಯದ ಎಲ್ಲೆಯೊಳಗೇ ಇದ್ದುವು.

ಯವನರ ಬೆಳ್ಳಿಯ ರುಚಿ ಹತ್ತಿದ ಆ ಕರಾವಳಿಯಲ್ಲಿ ಆಳಬಂದ ನಹಪಾನನು ಬೇರೆ ಮಾದರಿಯನ್ನು ಹುಡುಕಲಿಲ್ಲ. ಎರಡು ಗ್ರಾಮಿಗಿಂತ ತುಸು ಹೆಚ್ಚು ತೂಗುವ ಅವನ ಬಿಲ್ಲೆಯಲ್ಲಿ ಮುಖವೂ ಇದೆ, ಗ್ರೀಕ್ ಅಕ್ಷರಗಳೂ ಇವೆ. ಆದರೆ ಆ ಅಕ್ಷರಗಳಲ್ಲಿ ಬರೆದ ಮಾತು ಗ್ರೀಕ್ ಅಲ್ಲ. ‘ರಾಜ ಕ್ಷಹರಾತ ನಹಪಾನನ’ ಎಂಬ ಪ್ರಾಕೃತ. ಹಿಂಬದಿಯಲ್ಲಿ ಬಾಣ ಮತ್ತು ವಜ್ರಾಯುಧ, ಬ್ರಾಹ್ಮಿ ಮತ್ತು ಖರೋಷ್ಠಿ ಬರೆಹ. ಅಥೀನಾ ದೇವಿ ಕಾಣೆಯಾಗಿ, ಆಕೆಯ ಆಯುಧವೊಂದೇ ಉಳಿದುಕೊಂಡಿತೊ ಎಂದು ನೋಡಿದವರಿಗೆ ತೋರಿದರೆ ಆಶ್ಚರ್ಯವಿಲ್ಲ.

ಜೋಗಲ್‌ಥೆಂಬಿಯ ನಾಣ್ಯಗಳ ಮುಖಗಳೂ ಒಂದೇ ಬಗೆಯಾಗಿಲ್ಲ. ಒಂದರಲ್ಲಿ ತರುಣ, ಇನ್ನೊಂದರಲ್ಲಿ ಸುಕ್ಕುಗಟ್ಟಿದ ಮುದುಕ. ಮೂಗಿನ ಆಕಾರವೂ ಗಲ್ಲದ ರೀತಿಯೂ ಬೇರೆ ಬೇರೆ. ಇವೆಲ್ಲವೂ ಒಬ್ಬನವೇ ಎಂದು ಒಪ್ಪಲು ನಿಧಿಯನ್ನು ಪರಿಶೀಲಿಸಿ 1908ರಲ್ಲಿ ಬರೆದ ಪಾದ್ರಿ ಸ್ಕಾಟರಿಗೇ ಕಷ್ಟವಾಗಿತ್ತು. ನನಗೆ ತೋರುವಂತೆ, ಅಚ್ಚು ಕೊರೆಯುವವನಿಗೆ ಬೇಕಾಗಿದ್ದುದು ನಹಪಾನನ ಮುಖವಲ್ಲ, ಯಾವುದಾದರೊಂದು ರಾಜಮುಖ. ಕೊಳ್ಳುವವನು ನೋಡುತ್ತಿದ್ದುದೂ ಮುಖ ಇದೆಯೋ ಇಲ್ಲವೋ ಎಂಬುದನ್ನೇ ಹೊರತು ಅದು ಯಾರದೆಂಬುದನ್ನಲ್ಲ.

▪ ಚೌಕಟ್ಟು: ಮೂವತ್ತೈದಕ್ಕೆ ಒಂದು
ನಹಪಾನನ ಅಳಿಯ ಉಷವದಾತನ ನಾಸಿಕದ ಗುಹಾಶಾಸನ ಆ ಕಾಲದ ಹಣದ ಲೆಕ್ಕವನ್ನು ಗುಮಾಸ್ತನ ಶಿಸ್ತಿನಿಂದ ಕೊಡುತ್ತದೆ. ಬೆಳ್ಳಿಯ 70,000 ಕಾರ್ಷಾಪಣಗಳೆಂದರೆ ಚಿನ್ನದ 2,000 ಸುವರ್ಣ; ಒಂದು ಸುವರ್ಣಕ್ಕೆ 35 ಕಾರ್ಷಾಪಣ. ನೇಕಾರರ ಒಂದು ಶ್ರೇಣಿಯಲ್ಲಿ 2,000 ಕಾರ್ಷಾಪಣಗಳನ್ನು ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿಗೂ, ಇನ್ನೊಂದರಲ್ಲಿ 1,000ವನ್ನು ಮುಕ್ಕಾಲರ ಬಡ್ಡಿಗೂ ಇಟ್ಟು, ಅಸಲನ್ನು ಮುಟ್ಟಕೂಡದೆಂದು ವಿಧಿಸಲಾಗಿದೆ. ಮೊದಲ ಠೇವಣಿಯ ವರ್ಷದ ಬಡ್ಡಿ 240. ವರ್ಷಾವಾಸದಲ್ಲಿರುವ 20 ಭಿಕ್ಷುಗಳಿಗೆ ತಲೆಗೆ 12ರಂತೆ ಬಟ್ಟೆಯ ವೆಚ್ಚಕ್ಕೆ ಅದು ಸರಿಹೋಗುತ್ತದೆ.

ತಾಯಿಯ ಪ್ರಶಸ್ತಿ, ಮಗನ ಆಜ್ಞೆ

ಗೌತಮೀಪುತ್ರನ ಕುರಿತು ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅವನ ತಾಯಿ ಗೌತಮೀ ಬಲಶ್ರೀ ಹೇಳಿಸಿದುದು. ಮಗನು ತೀರಿಕೊಂಡು, ಮೊಮ್ಮಗ ಪುಳುಮಾವಿಯ ಆಳ್ವಿಕೆಯ 19ನೆಯ ವರ್ಷದಲ್ಲಿ ನಾಸಿಕದ ಬೆಟ್ಟದಲ್ಲಿ ಭಿಕ್ಷುಗಳಿಗೆ ಗುಹೆಯನ್ನು ಕೊಡಿಸಿದ ಆ ವೃದ್ಧೆ, ಮಗನನ್ನು ಶಕ, ಯವನ, ಪಹ್ಲವರನ್ನು ಸಂಹರಿಸಿದವನೆಂದೂ, ಕ್ಷಹರಾತ ಕುಲವನ್ನು ನಿಶ್ಶೇಷಗೊಳಿಸಿದವನೆಂದೂ, ಅವನ ಕುದುರೆಗಳು ಮೂರು ಸಮುದ್ರಗಳ ನೀರು ಕುಡಿದುವೆಂದೂ ಕಂಡರಿಸಿದಳು. ಅಸಿಕ, ಅಶ್ಮಕ, ಮೂಲಕ, ಸುರಾಷ್ಟ್ರ, ಕುಕುರ, ಅಪರಾಂತ, ಅನೂಪ, ವಿದರ್ಭ, ಆಕರಾವಂತಿಗಳೆಂದು ನಾಡುಗಳ ಪಟ್ಟಿಯೂ ಅಲ್ಲುಂಟು.

ತಾಯಿಯ ಬಾಯಿಂದ ಬಂದ ಹೊಗಳಿಕೆಯನ್ನು ತುಸು ತೂಗಿ ಸ್ವೀಕರಿಸುವುದು ಚರಿತ್ರಕಾರನ ಧರ್ಮ. ಆದರೆ ಕ್ಷಹರಾತರ ಮಾತಿನಲ್ಲಿ ಮಾತ್ರ ಆಕೆ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇಲ್ಲವೆಂಬುದಕ್ಕೆ ಆ 9,000 ನಾಣ್ಯಗಳೇ ಸಾಕ್ಷಿ ನಿಂತಿವೆ.

ಮಗನ ಸ್ವಂತ ಮಾತು ಇದಕ್ಕಿಂತ ಶುಷ್ಕ, ಆದುದರಿಂದ ಹೆಚ್ಚು ನಂಬಲರ್ಹ. ತನ್ನ ಆಳ್ವಿಕೆಯ 18ನೆಯ ವರ್ಷದಲ್ಲಿ, ದಂಡಿನ ಪಾಳೆಯದಿಂದ ಗೋವರ್ಧನದ ಅಮಾತ್ಯನಿಗೆ ಅವನು ಕಳುಹಿಸಿದ ಆಜ್ಞೆಯ ಪ್ರಕಾರ, ಅದುವರೆಗೆ ಉಷವದಾತನು ಅನುಭವಿಸುತ್ತಿದ್ದ 200 ನಿವರ್ತನ ಹೊಲ ಭಿಕ್ಷುಗಳಿಗೆ ಸೇರತಕ್ಕದ್ದು. ಆ ದಂಡು ವೈಜಯಂತಿಯದೆಂದು ಶಾಸನ ಹೇಳುತ್ತದೆ. ಆ ವೈಜಯಂತಿಯನ್ನು ನಮ್ಮ ಬನವಾಸಿಯೆಂದು ಗುರುತಿಸುವ ವಿದ್ವಾಂಸರುಂಟು. ಹಾಗಾದ ಪಕ್ಷದಲ್ಲಿ, ನಹಪಾನನ ಅಳಿಯನ ಹೊಲ ಕೈಬದಲಾದದ್ದು ಮಲೆನಾಡಿನ ಸೆರಗಿನಿಂದ ಹೊರಟ ಯೋಧರ ಬಲದಿಂದ.

ಹೊಲಕ್ಕೂ ನಾಣ್ಯಕ್ಕೂ ಅವನು ಮಾಡಿದ್ದು ಒಂದೇ. ಹೊಲವನ್ನು ಅಗೆದು ಎಸೆಯಲಿಲ್ಲ, ಒಡೆತನವನ್ನು ಬದಲಿಸಿದನು. ಬೆಳ್ಳಿಯನ್ನು ಕರಗಿಸಲಿಲ್ಲ, ಮುದ್ರೆಯನ್ನು ಬದಲಿಸಿದನು. ಜಂಬವೊಂದೇ ಅವನ ಉದ್ದೇಶವಾಗಿದ್ದರೆ ಕುಲುಮೆಯ ಬೆಂಕಿ ಇನ್ನೂ ಒಳ್ಳೆಯ ಉಪಾಯವಾಗಿರುತ್ತಿತ್ತು. ವೈರಿಯ ಹೆಸರು ಬೂದಿಯಲ್ಲಿಯೂ ಉಳಿಯುತ್ತಿರಲಿಲ್ಲ. ಆದರೆ ಸೋಪಾರ, ಕಲ್ಯಾಣ, ನಾಸಿಕಗಳ ವರ್ತಕನಿಗೆ ಆ ಬಿಲ್ಲೆಯ ತೂಕ ಗೊತ್ತಿತ್ತು, ಅಂಚು ಗೊತ್ತಿತ್ತು, ಶ್ರೇಣಿಯ ಬಡ್ಡಿ ಅದರಲ್ಲಿಯೇ ಎಣಿಕೆಯಾಗುತ್ತಿತ್ತು. ಗೌತಮೀಪುತ್ರನು ಆ ನಂಬಿಕೆಯನ್ನು ಮುರಿಯದೆ, ಅದರ ಮೇಲೆ ತನ್ನ ಆಜ್ಞೆಯನ್ನು ಮಾತ್ರ ಹೇರಿದನು. ಅರಸನಿಗಿಂತ ಪೇಟೆ ದೊಡ್ಡದೆಂಬುದನ್ನು ಅವನು ಬಲ್ಲವನಾಗಿದ್ದನೆಂಬುದೇ ನನ್ನ ದೃಷ್ಟಿಯಲ್ಲಿ ಅವನ ನಿಜವಾದ ರಾಜನೀತಿ.

ಅವನ ಹೆಸರಿನ ತೆಲುಗು ಚಲನಚಿತ್ರ 2017ರಲ್ಲಿ ತೆರೆಗೆ ಬಂದ ಮೇಲೆ ಹೈದರಾಬಾದಿನ ಹುಡುಗರಿಗೂ ಅವನ ಖಡ್ಗದ ಪರಿಚಯವಾಯಿತು. ಸುತ್ತಿಗೆಯ ಪರಿಚಯವಾಗಬೇಕಾದರೆ ಚಿತ್ರಮಂದಿರವನ್ನು ಬಿಟ್ಟು ನಾಂಪಲ್ಲಿಯ ಕಡೆಗೆ ಹೋಗಬೇಕು.

ಸೀಸದ ಸಾಮ್ರಾಜ್ಯ

ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ಸಿನ ಮರಗಳ ನಡುವಣ ವಸ್ತುಸಂಗ್ರಹಾಲಯ ಸ್ಥಾಪಿತವಾದದ್ದು 1930ರಲ್ಲಿ. ಅದಕ್ಕೆ ಹದಿನಾರು ವರ್ಷಗಳ ಹಿಂದೆ, 1914ರಲ್ಲಿ, ನಿಜಾಮರ ಸರ್ಕಾರವು ಪುರಾತತ್ತ್ವ ಇಲಾಖೆಯನ್ನು ಆರಂಭಿಸಿ ಗುಲಾಮ್ ಯಜ್ದಾನಿಯವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತ್ತು. ಪೈಠಣ, ತೇರ್, ಕೊಂಡಾಪುರ, ಕೋಟಿಲಿಂಗಾಲ, ನಮ್ಮ ಮಸ್ಕಿ, ಸನ್ನತಿ ಎಲ್ಲವೂ ಆ ಒಂದೇ ಇಲಾಖೆಯ ವ್ಯಾಪ್ತಿಗೆ ಸೇರಿದ್ದುವೆಂಬುದನ್ನು ನೆನೆದರೆ, ಶಾತವಾಹನರ ಒಳನಾಡಿಗೆ ಹೈದರಾಬಾದು ಹೇಗೆ ಸಹಜವಾದ ಕೇಂದ್ರವಾಯಿತೆಂಬುದು ತಿಳಿಯುತ್ತದೆ.

ಇಲ್ಲಿಯ ಸಂಗ್ರಹದ ಶಾತವಾಹನ ನಾಣ್ಯಗಳಲ್ಲಿ ಬೆಳ್ಳಿಯ ಹೊಳಪನ್ನು ಅರಸಿ ಹೋದವನಿಗೆ ನಿರಾಶೆ ಕಾದಿದೆ. ಇವುಗಳಲ್ಲಿ ಹೆಚ್ಚಿನವು ಸೀಸ, ತಾಮ್ರ, ಅಥವಾ ತಾಮ್ರಕ್ಕೆ ತವರ ಸೀಸಗಳನ್ನು ಬೆರೆಸಿದ ಮಿಶ್ರಲೋಹ. ಬೂದುಬಣ್ಣ, ಸವೆದ ಅಂಚು, ಅರ್ಧ ಅಳಿದ ಆನೆ, ಒಂದು ಕಡೆ ಅಚ್ಚಿನಿಂದ ಹೊರಬಿದ್ದ ಬರೆಹ. ಮುಖವಂತೂ ಇಲ್ಲವೇ ಇಲ್ಲ. ಆನೆ, ಕುದುರೆ, ಸಿಂಹ, ಚೈತ್ಯದ ಬೆಟ್ಟ, ಕಟಾಂಜನದೊಳಗಿನ ಮರ, ಉಜ್ಜಯಿನಿಯ ಚಿಹ್ನೆ. ಸುತ್ತ ಬ್ರಾಹ್ಮಿಯಲ್ಲಿ ಅರಸನ ಹೆಸರು, ಅದಕ್ಕೆ ಮೊದಲು ಅನೇಕ ವೇಳೆ ತಾಯಿಯ ಹೆಸರು.

ಯಜ್ದಾನಿಯವರು 1940ರ ದಶಕದ ಆರಂಭದಲ್ಲಿ ಅಗೆಸಿದ ಕೊಂಡಾಪುರ ಹೈದರಾಬಾದಿನ ಪಶ್ಚಿಮಕ್ಕೆ ಒಂದೆರಡು ಗಂಟೆಗಳ ದಾರಿ. ಅಲ್ಲಿ ನಾಣ್ಯಗಳೊಡನೆ ಬಿಳಿಯ ಕೆಯೊಲಿನ್ ಮಣ್ಣಿನ ನಯವಾದ ಗೊಂಬೆಗಳೂ ಮಣಿಗಳೂ ಸಿಕ್ಕಿದುವು. ಗೋದಾವರಿಯ ದಂಡೆಯ ಕೋಟಿಲಿಂಗಾಲದಲ್ಲಿ ವಂಶದ ಮೂಲಪುರುಷನೆಂದು ಪುರಾಣಗಳು ಹೇಳುವ ಸಿಮುಕನ ಹೆಸರಿನ ನಾಣ್ಯಗಳು ‘ಚಿಮುಕ’ ಎಂಬ ಬರೆಹದೊಡನೆ ದೊರೆತುವು. ಪೆದ್ದಬಂಕೂರಿನಲ್ಲಿ ವಿ.ವಿ. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ನಡೆದ ಅಗೆತದಲ್ಲಿ 22,000ಕ್ಕೂ ಮಿಕ್ಕ ಶಾತವಾಹನ ನಾಣ್ಯಗಳ ನಿಧಿಯೇ ಹೊರಬಂದಿತು.

ಜೋಗಲ್‌ಥೆಂಬಿಯ ಬೆಳ್ಳಿಯ ಕಥೆಯನ್ನು ಕೇಳಿದವರು ಪೆದ್ದಬಂಕೂರಿನ ಈ ಬಡ ಲೋಹದ ರಾಶಿಯ ಮುಂದೆ ನಿಲ್ಲುವುದಿಲ್ಲ. ನಿಲ್ಲಬೇಕು. ಬೆಳ್ಳಿ ಬಂದರಿನ ಹಣ, ಠೇವಣಿಯ ಹಣ, ದಾನದ ಹಣ. ಸೀಸವಾದರೊ ಸಂತೆಯ ಹಣ. ಉಪ್ಪಿಗೆ, ಎಣ್ಣೆಗೆ, ಮಡಕೆಗೆ ಕೈಯಿಂದ ಕೈಗೆ ದಾಟಿದ ಚಿಲ್ಲರೆ ಇಷ್ಟು ಬಗೆಯಲ್ಲಿ, ಇಷ್ಟು ಪ್ರಮಾಣದಲ್ಲಿ ಉಳಿದಿದೆಯೆಂದರೆ, ತೆಲಂಗಾಣದ ಆ ಹಳ್ಳಿಗಳಲ್ಲಿ ಸಾಮಾನ್ಯ ಮನುಷ್ಯನೂ ಹಣವನ್ನು ಎಣಿಸಿ ಕೊಡುವ ರೂಢಿಗೆ ಬಂದಿದ್ದನೆಂದು ಅರ್ಥ. ದಿಗ್ವಿಜಯಗಳಿಗಿಂತ ಇದನ್ನೇ ಶಾತವಾಹನರ ದೊಡ್ಡ ಸಾಧನೆಯೆಂದು ಹೇಳಲು ನಾನು ಹಿಂಜರಿಯೆನು.

ಆ ಸೀಸವೂ ಎಲ್ಲ ನೆಲದ್ದಲ್ಲ. ಭಾರತದಲ್ಲಿ ತಾಮ್ರವೂ ಸೀಸವೂ ಇಲ್ಲವೆಂದೂ, ರತ್ನಗಳನ್ನೂ ಮುತ್ತುಗಳನ್ನೂ ಕೊಟ್ಟು ಅವನ್ನು ಪಡೆಯುತ್ತಾರೆಂದೂ ರೋಮಿನ ಪ್ಲಿನಿ ಬರೆದನು. ಮಾತು ಅಕ್ಷರಶಃ ನಿಜವಲ್ಲವಾದರೂ, ಭರುಕಚ್ಛಕ್ಕೆ ಬರುತ್ತಿದ್ದ ಸರಕುಗಳಲ್ಲಿ ತವರ, ಸೀಸಗಳನ್ನು ಪೆರಿಪ್ಲಸ್ಸೂ ಹೆಸರಿಸುತ್ತದೆ. ನಮ್ಮ ಚಿತ್ರದುರ್ಗದ ಮಗ್ಗುಲ ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ.ಎಚ್. ಕೃಷ್ಣ ಅವರೂ, 1947ರಲ್ಲಿ ವೀಲರರೂ ಅಗೆಸಿದಾಗ, ಶಾತವಾಹನರ ನಾಣ್ಯಗಳೂ ಮಹಾರಠಿ ಸದಕಣನ ಎತ್ತಿನ ಗುರುತಿನ ಸೀಸದ ನಾಣ್ಯಗಳೂ ರೋಮಿನ ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯೂ ಒಂದೇ ಊರಿನ ಮಣ್ಣಿನಲ್ಲಿ ಸಿಕ್ಕಿದುವು.

▪ ಚೌಕಟ್ಟು: ಹಾಲಿ ಸಿಕ್ಕವೂ ಕಲ್ದಾರವೂ
ಒಂದೇ ನಾಡಿನಲ್ಲಿ ಮುಖದ ನಾಣ್ಯವೂ ಚಿಹ್ನೆಯ ನಾಣ್ಯವೂ ಜೊತೆಗೆ ನಡೆದದ್ದನ್ನು ಕಂಡವರು ಕಲಬುರಗಿ, ರಾಯಚೂರುಗಳ ಹಿರಿಯ ತಲೆಮಾರಿನವರು. ಸೈಫಾಬಾದಿನ ಟಂಕಸಾಲೆಯಿಂದ ಹೊರಟ ನಿಜಾಮರ ಹಾಲಿ ಸಿಕ್ಕದ ಮೇಲೆ ಚಾರ್‌ಮಿನಾರಿನ ಚಿತ್ರವೂ, ಅದರ ಬಾಗಿಲಲ್ಲಿ ಅರಸನ ಹೆಸರಿನ ಮೊದಲಕ್ಷರವೂ ಇದ್ದುವು, ಅರಸನ ಮುಖವಿರಲಿಲ್ಲ. ಬ್ರಿಟಿಷರ ಕಲ್ದಾರ್ ರೂಪಾಯಿಯ ಮೇಲೆ ಚಕ್ರವರ್ತಿಯ ತಲೆಯಿತ್ತು. ಆರು ಕಲ್ದಾರಿಗೆ ಏಳು ಹಾಲಿ; ನೂರು ಕಲ್ದಾರ್ ರೂಪಾಯಿಗೆ ಹಾಲಿಯಲ್ಲಿ 116 ರೂಪಾಯಿ 10 ಆಣೆ 8 ಪೈ. ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೂ ಹಾಲಿ ಸಿಕ್ಕ 1959ರ ವರೆಗೆ ಉಳಿದಿತ್ತು. ಸೈಫಾಬಾದಿನ ಆ ಹಳೆಯ ಟಂಕಸಾಲೆಯಲ್ಲಿ ಈಗ ನಾಣ್ಯಗಳ ಸಂಗ್ರಹಾಲಯವಿದೆ.

ಮುಖ ಮರಳಿತು

ವೈರಿಯ ಮುಖದ ಮೇಲೆ ಬೆಟ್ಟವನ್ನು ನೆಟ್ಟ ವಂಶದವರು ಮುಂದೇನು ಮಾಡಿದರು? ತಾವೇ ಮುಖದ ನಾಣ್ಯಗಳನ್ನು ಹೊರಡಿಸಿದರು.

ಸಂಖ್ಯೆಯಲ್ಲಿ ಅವು ಕಡಮೆ. ಆದರೆ ವಾಸಿಷ್ಠೀಪುತ್ರ ಪುಳುಮಾವಿ, ವಾಸಿಷ್ಠೀಪುತ್ರ ಶಾತಕರ್ಣಿ, ಯಜ್ಞಶ್ರೀ ಶಾತಕರ್ಣಿಗಳ ಬೆಳ್ಳಿ ನಾಣ್ಯಗಳಲ್ಲಿ ಬಲಕ್ಕೆ ತಿರುಗಿದ ಮುಖವಿದೆ. ಗುಂಗುರು ಕೂದಲು, ಓಲೆಯ ಭಾರಕ್ಕೆ ಇಳಿಬಿದ್ದ ಕಿವಿ. ದಖ್ಖನಿನವನೇ ಸರಿ, ಆದರೆ ಕುಳಿತ ಪೀಠ ಯವನರದು. 1882ರಲ್ಲಿ ಸೋಪಾರದ ಸ್ತೂಪವನ್ನು ಅಗೆಸಿದ ಭಗವಾನ್‌ಲಾಲ್ ಇಂದ್ರಜಿಯವರಿಗೆ ಸಿಕ್ಕಿದ ಯಜ್ಞಶ್ರೀಯ ಬೆಳ್ಳಿಯೂ ಇದೇ ಬಗೆಯದು.

ಎರಡು ಲಿಪಿ ಎರಡು ಭಾಷೆಯ ಆ ಹಳೆಯ ಯವನ ಸಂಪ್ರದಾಯವನ್ನೂ ಇವರು ತಮ್ಮದನ್ನಾಗಿ ಮಾಡಿಕೊಂಡರು. ಮುಖದ ಬದಿಯಲ್ಲಿ ಪ್ರಾಕೃತ. ಚಿಹ್ನೆಗಳ ಬದಿಯಲ್ಲಿ ಬ್ರಾಹ್ಮಿಯಲ್ಲಿಯೇ ಬರೆದ ಒಂದು ದ್ರಾವಿಡ ಭಾಷೆ. ಅದು ತಮಿಳೆಂದು ಕೆಲವರೂ ತೆಲುಗಿನ ಪೂರ್ವರೂಪವೆಂದು ಕೆಲವರೂ ವಾದಿಸುತ್ತ ಬಂದಿದ್ದಾರೆ. ವಾದ ಏನೇ ಇರಲಿ, ಅರಮನೆಯ ಪ್ರಾಕೃತದ ಬೆನ್ನಿಗೇ ಜನರ ಮಾತನ್ನು ಬೆಳ್ಳಿಯ ಮೇಲೆ ತಂದವರಲ್ಲಿ ದಕ್ಷಿಣದಲ್ಲಿ ಇವರೇ ಮೊದಲಿಗರು.

ಶಕರೊಡನೆ ವೈರವೂ ಏಕರೀತಿಯಾಗಿ ಉಳಿಯಲಿಲ್ಲ. ನಹಪಾನನ ಕುಲ ಹೋಗಿ, ಉಜ್ಜಯಿನಿಯಿಂದ ಆಳಿದ, ಪಶ್ಚಿಮದ ಕ್ಷತ್ರಪರೆನಿಸಿದ ಚಷ್ಟನನ ಕುಲ ಬಂದಿತು. ಅವನ ಮೊಮ್ಮಗ ರುದ್ರದಾಮನು, ದಕ್ಷಿಣಾಪಥಪತಿ ಶಾತಕರ್ಣಿಯನ್ನು ಎರಡು ಬಾರಿ ಸೋಲಿಸಿಯೂ ಹತ್ತಿರದ ಸಂಬಂಧದ ಕಾರಣ ಅವನನ್ನು ನಾಶಮಾಡಲಿಲ್ಲವೆಂದು ಜುನಾಗಢದ ಬಂಡೆಯ ಮೇಲೆ, ಶಕವರ್ಷ 72ರ ಪ್ರಸ್ತಾಪವಿರುವ ಶಾಸನದಲ್ಲಿ, ಹೇಳಿಸಿದ್ದಾನೆ. ಆ ಸಂಬಂಧವೇನೆಂಬುದಕ್ಕೆ ಕಾನ್ಹೇರಿಯ ಗುಹಾಶಾಸನದಲ್ಲಿ ಸುಳಿವಿದೆ: ವಾಸಿಷ್ಠೀಪುತ್ರ ಶಾತಕರ್ಣಿಯ ರಾಣಿ ಮಹಾಕ್ಷತ್ರಪನೊಬ್ಬನ ಮಗಳು. ಹೆಣ್ಣು ತಂದ ಮನೆಯ ನಾಣ್ಯದ ಮಾದರಿಯನ್ನು ತರಲು ಸಂಕೋಚವೇಕೆ ಎಂದು ಯಾರಾದರೂ ನಕ್ಕರೆ ನಾನೂ ಅವರೊಡನೆ ನಕ್ಕೇನು. ಆದರೆ ಕಾರಣ ಮದುವೆಯಲ್ಲ, ಮಾರುಕಟ್ಟೆ. ಮುಖವಿರುವ ಬೆಳ್ಳಿಗೇ ಆ ಕರಾವಳಿ ಒಗ್ಗಿಕೊಂಡಿತ್ತು.

ಯಜ್ಞಶ್ರೀಯಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ನಾಸಿಕ, ಕಾನ್ಹೇರಿಗಳಲ್ಲಿಯೂ, ಪೂರ್ವ ಸಮುದ್ರದ ಸಮೀಪದ ಚಿನಗಂಜಾಮಿನಲ್ಲಿಯೂ ಶಾಸನಗಳನ್ನು ಬಿಟ್ಟುಹೋದ, ಕನಿಷ್ಠ 27 ವರ್ಷ ಆಳಿದ ಈ ಅರಸನು ಪಶ್ಚಿಮದವರಿಗೆ ಮುಖದ ಬೆಳ್ಳಿಯನ್ನು ಕೊಟ್ಟನು, ಪೂರ್ವದವರಿಗೆ ಮುಖವಿಲ್ಲದ ಸೀಸವನ್ನು ಕೊಟ್ಟನು. ಎರಡು ಕೂವೆಮರಗಳ ಹಡಗನ್ನು ಒತ್ತಿದ, ಪೂರ್ವ ಕರಾವಳಿಯ ಪ್ರಸಿದ್ಧವಾದ ಸೀಸದ ನಾಣ್ಯಗಳೂ ಈ ಕೊನೆಯ ದೊಡ್ಡ ಅರಸರ ಕಾಲದವೇ. ಒಬ್ಬನೇ ಅರಸ, ಎರಡು ಕರಾವಳಿ, ಎರಡು ನಾಣ್ಯನೀತಿ. ಅವನ ತರುವಾಯ ರಾಜ್ಯ ಹರಿದು ಹಂಚಿಹೋಯಿತು.

ಮುಖವಾದರೊ ಇವರೆಲ್ಲರನ್ನೂ ಮೀರಿ ಬಾಳಿತು. ಪಶ್ಚಿಮದ ಕ್ಷತ್ರಪರು ಒಟ್ಟು ಸುಮಾರು ಮುನ್ನೂರು ವರ್ಷ ಅದೇ ಬಗೆಯ ಬೆಳ್ಳಿಯನ್ನು ಹೊರಡಿಸಿದರು. ಸುತ್ತಲಿನ ಗ್ರೀಕ್ ಅಕ್ಷರಗಳು ಅರ್ಥ ಕಳೆದುಕೊಂಡು ಬರಿಯ ಅಂಚಿನ ಅಲಂಕಾರವಾದವು. ಅವರನ್ನು ಗೆದ್ದ ಗುಪ್ತ ಚಕ್ರವರ್ತಿ ಎರಡನೆಯ ಚಂದ್ರಗುಪ್ತನು ಅಲ್ಲಿಗೆಂದು ಬೆಳ್ಳಿಯನ್ನು ಟಂಕಿಸಿದಾಗ, ಅದರ ಅಂಚಿನಲ್ಲಿಯೂ ಆ ಅರ್ಥಹೀನ ಗ್ರೀಕ್ ಗೆರೆಗಳ ಅವಶೇಷ ಕಾಣಿಸಿಕೊಂಡಿತು.

ಸನ್ನತಿಯ ಕಲ್ಲು

ನಾಣ್ಯದಲ್ಲಿ ಮುಖವನ್ನು ತೋರಲು ಮೊದಮೊದಲು ಹಿಂಜರಿದ ಈ ಶಾತವಾಹನ ಅರಸರು ಕಲ್ಲಿನಲ್ಲಿ ಹಾಗೆ ಹಿಂಜರಿಯಲಿಲ್ಲವೆಂಬುದಕ್ಕೆ ನಮ್ಮ ಕಲಬುರಗಿ ಜಿಲ್ಲೆಯೇ ಸಾಕ್ಷಿ. ಭೀಮಾ ತೀರದ ಸನ್ನತಿಯ ಪ್ರಾಚೀನಾವಶೇಷಗಳ ಕಡೆಗೆ ವಿದ್ವಾಂಸರ ಗಮನವನ್ನು ಸೆಳೆದವರಲ್ಲಿ ಕಪಟರಾಳ ಕೃಷ್ಣರಾಯರು ಮೊದಲಿಗರು. ಸನ್ನತಿಯ ಮಗ್ಗುಲ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ಹೊರಬಂದ ಮಹಾಸ್ತೂಪದ ಸುಣ್ಣಕಲ್ಲಿನ ಫಲಕಗಳಲ್ಲಿ ಅಶೋಕನಿದ್ದಾನೆ, ಶಾತಕರ್ಣಿಯಿದ್ದಾನೆ. ಕೆಳಗೆ ಹೆಸರು ಕೊರೆದಿದೆ.

ಅವುಗಳಲ್ಲಿ ಒಂದು ಫಲಕ ನಮ್ಮ ಕಥೆಗೆ ನೇರವಾಗಿ ಸಂಬಂಧಿಸಿದುದು. ರಾಜ ಪುಳುಮಾವಿಯು ಉಜ್ಜಯಿನಿಯನ್ನು ಕೊಟ್ಟನೆಂದು ಅದರ ಬರೆಹ. ಚಿತ್ರದಲ್ಲಿ ಗಿಂಡಿಯಿಂದ ಧಾರೆಯೆರೆಯುತ್ತಿರುವ ದೃಶ್ಯ. ತಾಯಿ ಬಲಶ್ರೀ ಹೆಮ್ಮೆಯಿಂದ ಎಣಿಸಿದ ಅವಂತಿಯ ರಾಜಧಾನಿ, ಆ ವಂಶದವರ ನಾಣ್ಯಚಿಹ್ನೆಗೇ ಹೆಸರು ಕೊಟ್ಟ ಊರು, ಇಲ್ಲಿ ಕೈಬಿಟ್ಟುಹೋಗುವುದನ್ನು ಶಿಲ್ಪಿ ದಾನವೆಂದು ಕಂಡರಿಸಿದ್ದಾನೆ. ಸೋಲನ್ನು ದಾನವೆಂದು ಬರೆಯಿಸುವ ಕಲೆ ರಾಜರಿಗೆ ಹೊಸದಲ್ಲವಾದರೂ, ಇಷ್ಟು ಸುಂದರವಾಗಿ ಬರೆಯಿಸಿದವರು ವಿರಳ.

ಪಂಚಾಂಗದ ಮರುಮುದ್ರೆ

ಇನ್ನು ಯುಗಾದಿಯ ಪಂಚಾಂಗಕ್ಕೆ ಬರೋಣ. ಕ್ರಿಸ್ತಶಕ 78ರಿಂದ ಎಣಿಸುವ ಈ ಶಕೆಯನ್ನು ಆರಂಭಿಸಿದವನು ಕುಷಾಣರ ಕನಿಷ್ಕನೆಂದು ಕೆಲವರೂ ಚಷ್ಟನನೆಂದು ಇನ್ನು ಕೆಲವರೂ ಹೇಳುವರು; ಶಾತವಾಹನನೆಂದು ಹೇಳುವ ಶಾಸನತಜ್ಞರಿಲ್ಲ. ಶಾತವಾಹನರು ತಮ್ಮ ಶಾಸನಗಳಲ್ಲಿ ಆಳ್ವಿಕೆಯ ವರ್ಷವನ್ನೇ ಎಣಿಸಿದರು. ಶಕವರ್ಷವನ್ನು ಬಿಡದೆ ಬಳಸಿದವರು ಉಜ್ಜಯಿನಿಯ ಕ್ಷತ್ರಪರು. ಕ್ರಿಸ್ತಶಕ ಎರಡನೆಯ ಶತಮಾನದ ಕೊನೆಯ ಭಾಗದಿಂದ ಅವರು ಅದನ್ನು ತಮ್ಮ ಬೆಳ್ಳಿಯ ಮೇಲೆ, ರಾಜಮುಖದ ಹಿಂದುಗಡೆ, ಅಂಕೆಗಳಲ್ಲಿ ಒತ್ತಿದರು.

ಕನ್ನಡ ನಾಡಿನ ಹಳೆಯ ಶಾಸನಗಳಿಗೆ ಈ ವಿಷಯದಲ್ಲಿ ಯಾವ ಗೊಂದಲವೂ ಇರಲಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನ, ಶಕನೃಪತಿಯ ರಾಜ್ಯಾಭಿಷೇಕದಿಂದ 500 ವರ್ಷ ಕಳೆದಿದ್ದುವೆಂದು, ಎಂದರೆ ಕ್ರಿಸ್ತಶಕ 578ರಲ್ಲಿ, ಬಿಚ್ಚುಮಾತಿನಲ್ಲಿ ಹೇಳುತ್ತದೆ. ಶಾಲಿವಾಹನನ ಹೆಸರು ಇದಕ್ಕೆ ಅಂಟಿದುದು ಬಹಳ ತಡವಾಗಿ. ತಿಥಿ ಖಚಿತವಾಗಿರುವ ಮೊದಲ ಪ್ರಯೋಗಗಳಲ್ಲೊಂದು ಸೋಮರಾಜನ ಕನ್ನಡ ಕೃತಿ ‘ಉದ್ಭಟಕಾವ್ಯ’ದಲ್ಲಿದೆ; ಅದರ ಕಾಲ ಶಕವರ್ಷ 1144, ಎಂದರೆ ಕ್ರಿಸ್ತಶಕ 1222. ವಿಜಯನಗರದ ಶಾಸನಗಳಲ್ಲಿ ಆ ರೂಢಿ ಬೇರೂರಿತು.

ಗೌತಮೀಪುತ್ರನ ಟಂಕಸಾಲೆ ಬೆಳ್ಳಿಗೆ ಮಾಡಿದ್ದನ್ನು ನಮ್ಮ ಪಂಚಾಂಗ ಕಾಲಕ್ಕೆ ಮಾಡಿದೆ: ಲೋಹ ಶಕರದು, ಮೇಲಣ ಮುದ್ರೆ ನಮ್ಮವನದು. ಕೆಳಗಿನ ಹೆಸರು ಅಳಿದಿಲ್ಲ. ‘ಶಕೆ’ ಎಂದು ಹಾಗೆಯೇ ಉಳಿದಿದೆ. 1957ರ ಮಾರ್ಚ್ 22ರಂದು ಭಾರತ ಸರ್ಕಾರವು ರಾಷ್ಟ್ರೀಯ ಪಂಚಾಂಗವನ್ನು ಜಾರಿಗೆ ತಂದಾಗ ಸ್ವೀಕರಿಸಿದ್ದೂ ಈ ಶಕೆಯನ್ನೇ. ಆ ದಿನ ಶಕ 1879ರ ಚೈತ್ರದ ಮೊದಲ ದಿನವಾಯಿತು.

ಇಷ್ಟೆಲ್ಲವನ್ನೂ ನಾವು ಹೇಳಬಲ್ಲವರಾದದ್ದು, ಜೋಗಲ್‌ಥೆಂಬಿಯ ನಿಧಿ ಚದುರಿಹೋಗುವ ಮೊದಲು ಪರಿಶೀಲಕರ ಕೈಸೇರಿ, ಎಷ್ಟು ನಾಣ್ಯಗಳಿಗೆ ಮರುಮುದ್ರೆ ಬಿದ್ದಿದೆ, ಎಷ್ಟಕ್ಕೆ ಬಿದ್ದಿಲ್ಲವೆಂಬ ಎಣಿಕೆ ಸಾಧ್ಯವಾದದ್ದರಿಂದ. ಹತ್ತೇ ನಾಣ್ಯಗಳು ಸಿಕ್ಕಿ ಉಳಿದವು ಅಕ್ಕಸಾಲಿಗರ ಮೂಸೆಗೆ ಬಿದ್ದಿದ್ದರೆ ಗೌತಮೀಪುತ್ರನ ಜಯ ಒಬ್ಬ ತಾಯಿಯ ಹೊಗಳಿಕೆಯಾಗಿಯೇ ಉಳಿಯುತ್ತಿತ್ತು. ಗೋದಾವರಿಯ ದಂಡೆಯಿಂದ ಭೀಮೆಯ ದಂಡೆಯ ವರೆಗೆ ಇನ್ನೂ ಅನೇಕ ಕುಡಿಕೆಗಳು ನೆಲದೊಳಗೆ ಇರತಕ್ಕವು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದರೆ ಕಲೆಕ್ಟರರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆಯೇ ವಿಧಿಸಿದೆ. ಉಳುವಾಗಲೊ ಬಾವಿ ತೋಡುವಾಗಲೊ ಅಂಥದೊಂದು ಕೈಗೆ ಸಿಕ್ಕಿದವರು, ಅದರಲ್ಲಿರುವುದು ಬೆಳ್ಳಿಯಾಗಿರಲಿ, ಬೂದುಬಣ್ಣದ ಸೀಸವೇ ಆಗಿರಲಿ, ಒಂದನ್ನೂ ತೊಳೆಯದೆ, ಒಂದನ್ನೂ ಹಂಚದೆ, ಸಿಕ್ಕಿದ ಹಾಗೆಯೇ ತಹಶೀಲ್ದಾರರ ಕಚೇರಿಗೆ ಮುಟ್ಟಿಸಬೇಕೆಂದು ಓದುಗರಲ್ಲಿ ನನ್ನ ಪ್ರಾರ್ಥನೆ.